ದೋಣಿಯ ‘ಕಂಪಾರ್ಟ್‌ಮೆಂಟ್‌’ಗೆ ಎರಡು ಪದ ಬೇಕು, ಒಂದಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಹೊನ್ನಾವರದ ಹತ್ರ ಫೈಬರ್ ದೋಣಿ ಕಟ್ಟೋದು, ರಿಪೇರಿ ಮಾಡೋದು ಮಾಡ್ತಾರೆ. ದೋಣೀಲಿ ಸಾಮಾನು ಇಡೋ ಜಾಗಕ್ಕೊಂದು, ದೋಣಿ ತೇಲಿಸೋಕೆ ಅಂತ ಮುಚ್ಚಿಟ್ಟಿರೋ ಜಾಗಕ್ಕೊಂದು, ಪೇಂಟಲ್ಲಿ ಬರೆಸೋಕೆ ಅವರಿಗೆ ಎರಡು ಪದ ಬೇಕಂತೆ, ನಂಗೆ ಫೋನ್ ಮಾಡಿದ್ರು, ನಂಗೂ ಪೂರ್ತಿ ಸಮಾಧಾನ ಆಗೋ ಪದ ಸಿಗ್ಲಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದೀನಿ.

ವಿಷಯ ಏನಂದ್ರೆ, ಮಳೆಗಾಲದಲ್ಲಿ ದೋಣಿ ದಡ ಹತ್ತಿಸಿದಾಗ ಬರೋ ಗಿರಾಕಿಗಳದ್ದೆಲ್ಲ ಒಂದೇ ರಾಗ, ಜಾಗ ಸಾಲಲ್ಲ, ಸಾಮಾನು ಇಡೋಕೆ ಇನ್ನೊಂಚೂರು ಜಾಗ ಮಾಡ್ಕೊಡಿ ಅಂತ. ಸುಳ್ಳೇನಲ್ಲ, 28 ಅಡಿ ದೋಣೀಲಿ ಬಲೆ, ಹಗ್ಗ, ಲಂಗರು, ಐಸ್ ಪೆಟ್ಟಿಗೆ, ಎಣ್ಣೆ ಕ್ಯಾನು, ಬುತ್ತಿ, ಕುಡಿಯೋ ನೀರು, ಲೈಫ್ ಜಾಕೆಟ್ಟು ಎಲ್ಲ ಇಟ್ಟ ಮೇಲೆ ಬಂಗುಡೆ ಬಲೆ ತುಂಬ ಬಂದ್ರೆ ಕಾಲಿಡೋಕೂ ಜಾಗ ಇರಲ್ಲ. ಆಗ ಎಲ್ಲರ ಕಣ್ಣು ಹೋಗೋದು ಮೂತಿ ಕಡೆ ಮತ್ತೆ ಕೂರೋ ಹಲಗೆ ಕೆಳಗೆ ಪೂರ್ತಿ ಮುಚ್ಚಿರೋ ಪೆಟ್ಟಿಗೆ ಥರದ ಜಾಗದ ಮೇಲೆ. ತಟ್ಟಿದ್ರೆ ಟೊಳ್ಳು ಸದ್ದು ಬರುತ್ತೆ. ‘ಇಷ್ಟು ಜಾಗ ಸುಮ್ನೆ ಬಿದ್ದಿದ್ಯಲ್ಲ ಮಾರಾಯ್ರೆ, ಒಂದು ಕಂಡಿ ಕೊರೆದು ಮುಚ್ಚಳ ಇಟ್ಕೊಡಿ’ ಅಂತಾರೆ. ಭಾವ ಆಗಲ್ಲ ಅಂದ್ರೆ ಕೆಲವರು ಮನೇಲೇ ಗ್ರೈಂಡರ್ ಹಿಡ್ಕೊಂಡು ಕೊರೆದು ಬಿಡ್ತಾರೆ.

ಆ ಜಾಗ ಖಾಲಿ ಬಿದ್ದಿರೋದಲ್ಲ, ಅದಕ್ಕೊಂದು ಕೆಲಸ ಇದೆ. ಮರದ ದೋಣಿಯೊಳಗೆ ನೀರು ತುಂಬಿದ್ರೂ ಮರ ತಾನಾಗೇ ತೇಲುತ್ತೆ, ಹಿಡ್ಕೊಂಡಿರೋಕಾದ್ರೂ ಏನೋ ಇರುತ್ತೆ. ಫೈಬರ್ ಹಾಗಲ್ಲ, ಅದು ನೀರಿಗಿಂತ ಭಾರ, ಜೊತೆಗೆ ಹಿಂದೆ ಇಂಜಿನ್ ಬೇರೆ, ನೀರು ತುಂಬಿದ್ರೆ ಸೀದಾ ತಳಕ್ಕೇ. ಅದಕ್ಕೇ ಗಾಳಿಯಾಡದ ಹಾಗೆ ಮುಚ್ಚಿ, ಕೆಲವರು ಒಳಗೆ ಫೋಮ್ ತುಂಬಿ, ಈ ಜಾಗ ಬಿಟ್ಟಿರ್ತಾರೆ. (ಥರ್ಮಾಕೋಲ್ ತುಂಬೋಕೆ ಹೋಗ್ಬೇಡಿ, ಪೆಟ್ರೋಲ್ ತಾಗಿದ್ರೂ ಕರಗುತ್ತೆ, ಫೈಬರ್‌ಗೆ ಬಳಿಯೋ ಹಸಿ ರೆಸಿನ್ ತಾಗಿದ್ರೂ ಕರಗುತ್ತೆ.) ಲೆಕ್ಕ ಸುಲಭ, 1 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ ಅಂದ್ರೆ 200 ಲೀಟರ್, ಅದು ಪೂರ್ತಿ ಮುಳುಗಿದಾಗ ಹತ್ತಿರ ಹತ್ತಿರ 200 ಕಿಲೋ ಭಾರ ಮೇಲೆ ಹಿಡಿಯುತ್ತೆ. ಅದಕ್ಕೆ ಕಂಡಿ ಕೊರೆದು, ಸರಿಯಾಗಿ ಕೂರದ ಮುಚ್ಚಳ ಇಟ್ರೆ ಆ 200 ಕಿಲೋ ಹೋಯ್ತು ಅಂತಾನೇ ಲೆಕ್ಕ.

ಈಗ ಪದದ ತಕರಾರು. ಇಂಗ್ಲಿಷ್ ಕೈಪಿಡಿಗಳಲ್ಲಿ ಸಾಮಾನು ಇಡೋದಕ್ಕೂ ಕಂಪಾರ್ಟ್‌ಮೆಂಟ್, ಇದಕ್ಕೂ ಕಂಪಾರ್ಟ್‌ಮೆಂಟ್, ಹಿಂದೆ ಮುಂದೆ ಒಂದು ವಿಶೇಷಣ ಅಷ್ಟೇ. ನಮ್ಮಲ್ಲಿ ಇದಕ್ಕೆ ಹಳೇ ಪದ ಹುಡುಕಿ ಪ್ರಯೋಜನ ಇಲ್ಲ ಅನ್ಸುತ್ತೆ, ಮರದ ದೋಣಿಗೆ ಈ ಪೆಟ್ಟಿಗೆ ಬೇಕೇ ಇರ್ಲಿಲ್ಲ, ವಸ್ತುವೇ ಇಲ್ಲದ ಮೇಲೆ ಪದ ಎಲ್ಲಿಂದ. ಭಾವನ ಅಂಗಳದಲ್ಲಿ ಎಲ್ಲರೂ ‘ಏರ್ ಟ್ಯಾಂಕು’ ಅಂತಾರೆ. ನಂಗದು ಸರಿ ಕಾಣಲ್ಲ. ಟ್ಯಾಂಕು ಅಂದ ತಕ್ಷಣ ಏನಾದ್ರೂ ತುಂಬಿಸೋದು ಅಂತಾನೇ ತಲೆಗೆ ಹೋಗೋದು. ‘ಪ್ಲವನ ಕೋಷ್ಠ’ (ತೇಲಿಸೋ ಕೋಣೆ) ಅಂತ ಪಾಠಪುಸ್ತಕದ ಧಾಟೀಲಿ ಬರೆದ್ರೆ ಯಾರೂ ಓದಲ್ಲ, ಓದಿದ್ರೂ ಗ್ರೈಂಡರ್ ನಿಲ್ಲಿಸಲ್ಲ. ‘ಗಾಳಿಪೆಟ್ಟಿಗೆ’ ಅಂದ್ರೆ ಹಾರ್ಮೋನಿಯಂ ನೆನಪಾಗುತ್ತೆ.

ನಂಗೆ ಹೊಳೆದಿದ್ದು ‘ಬೆಂಡು’. ಬಲೆ ಮೇಲಂಚಿಗೆ ಕಟ್ಟೋ ಬೆಂಡು ಮೀನುಗಾರರಿಗೆ ದಿನಾ ಕೈಗೆ ಸಿಗೋ ವಸ್ತು, ಅದು ತೇಲಿಸೋಕೆ ಇರೋದು, ಅದರೊಳಗೆ ಏನೂ ಇಡೋದಲ್ಲ ಅಂತ ವಿವರಿಸೋದೇ ಬೇಡ. ಹಾಗಾಗಿ ‘ಬೆಂಡುಗೂಡು’. ಆದ್ರೆ ಗೂಡು ಅಂದ್ರೆ ಮತ್ತೆ ಗೋಡೆಗೂಡು, ದೀಪದ ಗೂಡು, ಏನೋ ಇಡೋ ಜಾಗ ಅಂತಾಗುತ್ತಲ್ಲ ಅನ್ನೋ ಗುಮಾನಿ ಇದೆ. ಬರೀ ‘ಬೆಂಡು, ಕೊರೀಬೇಡಿ’ ಅಂತ ಬರೆದ್ರೆ ಸಾಕಾ?

ಸಾಮಾನಿನ ಜಾಗಕ್ಕೆ ಪದ ಬೇಕಾದಷ್ಟಿದೆ, ಆರಿಸೋದೇ ಕಷ್ಟ. ಉಗ್ರಾಣ ದೊಡ್ಡದಾಯ್ತು, ಮದುವೆ ಮನೆ ನೆನಪಾಗುತ್ತೆ. ಖಾನೆ ಚಿಕ್ಕದು, ಎಲ್ಲರಿಗೂ ಗೊತ್ತು, ಬೀರುವಿನ ಖಾನೆ ಇದ್ದ ಹಾಗೆ, ನನ್ನ ಓಟು ಅದಕ್ಕೇ. (ಫಾರ್ಸಿ ಪದ ಅಂತ ಜಗಳಕ್ಕೆ ಬರ್ಬೇಡಿ, ಲಂಗರೂ ಅಲ್ಲಿಂದ್ಲೇ ಬಂದಿದ್ದು.) ಇನ್ನೊಂದು ‘ಅಂಕಣ’. ಮನೇಲಿ ಎರಡು ಕಂಬದ ಸಾಲಿನ ನಡುವಿನ ಜಾಗಕ್ಕೆ ಅಂಕಣ ಅಂತೀವಲ್ಲ, ದೋಣೀಲೂ ಎರಡು ಅಡ್ಡಹಲಗೆ ನಡುವಿನ ಜಾಗಕ್ಕೆ ಅದು ಚೆನ್ನಾಗಿ ಹೊಂದುತ್ತೆ. ಭಾವ ಈಗ ಗಿರಾಕಿಗಳಿಗೆ ಹೇಳೋದೂ ಅದೇ ಜಾಗ, ಐಸ್ ಪೆಟ್ಟಿಗೆ ನಡುವಿನ ಅಂಕಣದಲ್ಲಿ ತಳಕ್ಕೇ ಕೂರಿಸಿ ಜಾರದ ಹಾಗೆ ಕಟ್ಟಿ, ಮೂತೀಲಿ ಭಾರ ಹೇರ್ಬೇಡಿ, ಹಗ್ಗ ಬಲೆ ಎಲ್ಲ ಎತ್ತರಕ್ಕೆ ಪೇರಿಸ್ಬೇಡಿ ದೋಣಿ ಓಲಾಡುತ್ತೆ ಅಂತ. ಪತ್ರಿಕೆಯವರು ಅಂಕಣ ಅಂದ್ರೆ ಕಾಲಮ್ಮು ಅಂತ ಮಾಡಿಟ್ಟಿದಾರೆ, ಆದ್ರೂ ಬಂದರಲ್ಲಿ ಆ ಗೊಂದಲ ಆಗಲಿಕ್ಕಿಲ್ಲ.

ಕಷ್ಟ ಇರೋದು ಇನ್ನೊಂದು ಕಡೆ. ದೋಣಿ ಮಾತು ಒಂದೇ ಭಾಷೇಲಿ ಇಲ್ಲ, ಮೀನುಗಾರರಲ್ಲಿ ಖಾರ್ವಿಯವರ ಮನೆಮಾತು ಕೊಂಕಣಿ, ಮಲ್ಪೆ ಕಡೆ ಮೊಗವೀರರು ತುಳು, ಗಂಗೊಳ್ಳಿ ಕುಂದಾಪುರ ಸುತ್ತ ಕುಂದಗನ್ನಡ. ಆ ಕಡೆಯವರು ಇಲ್ಲಿ ಯಾರಾದ್ರೂ ಇದ್ರೆ ನಿಮ್ಮ ದೋಣಿಗಟ್ಟೋರು ಈ ಎರಡು ಜಾಗಕ್ಕೆ ಬಾಯಲ್ಲಿ ಏನಂತಾರೆ ಅಂತ ಕೇಳಿ ಬರೀರಿ, ಡಿಕ್ಷನರಿ ನೋಡಿ ಬರೆಯೋದಕ್ಕಿಂತ ಅದು ಬೇಕು. ಬೆಂಡು ಅನ್ನೋದು ನಿಮ್ಮ ಕಡೆ ಬಲೆಗೇ ಇದೆಯಾ, ಬೇರೆ ಹೆಸರಾ, ಅದನ್ನೂ ತಿಳಿಸಿ. ಆಗಸ್ಟಿಗೆ ಸೀಸನ್ ಶುರುವಾಗೋ ಮುಂಚೆ ಪೇಂಟ್ ಆಗ್ಬೇಕು, ಬರೆಯೋಕಿರೋ ಜಾಗ ಒಂದೂವರೆ ಗೇಣು, ಆ ಅಂದಾಜಲ್ಲಿ ಪದ ಕಳಿಸಿ.