ಸಹಾಯ ಬೇಕು: ಶನಿಯ ಉಂಗುರದ ಹೊಳಪು ಅಳೆಯಲು ಮಂಡ್ಯ ಕಡೆಯವರು

2026ರ ಅಕ್ಟೋಬರ್ 4ಕ್ಕೆ ಶನಿ ವಿಯುತಿ, ಅಂದರೆ ಭೂಮಿಯಿಂದ ನೋಡಿದಾಗ ಶನಿ ಸೂರ್ಯನಿಗೆ ನೇರ ಎದುರು ಬರುವ ದಿನ. ಆಗ ಸೂರ್ಯ ನಮ್ಮ ಬೆನ್ನ ಹಿಂದೆ ಇರುವುದರಿಂದ ಉಂಗುರದ ಹಿಮದ ತುಣುಕುಗಳ ನೆರಳು ಅವುಗಳ ಹಿಂದೆಯೇ ಅಡಗುತ್ತದೆ. ಕೆಲವೇ ದಿನ ಉಂಗುರ ಶನಿಯ ಗೋಳಕ್ಕಿಂತ ಎದ್ದು ಹೊಳೆಯುತ್ತದೆ. ಇದೇ ಸೀಲಿಗರ್ ಪರಿಣಾಮ. ನಾವಿರುವ ಮೈಸೂರಲ್ಲಿ ಆ ವಾರ ಮೋಡ ಕವಿದರೆ ಅಳತೆ ಕೈತಪ್ಪುತ್ತದೆ. ಅದಕ್ಕೇ ಮಂಡ್ಯ, ಮದ್ದೂರು, ಪಾಂಡವಪುರದಲ್ಲಿ 6 ಇಂಚು ಅಥವಾ ದೊಡ್ಡ ದೂರದರ್ಶಕ ಇರುವವರು ದಯವಿಟ್ಟು ಕೈಜೋಡಿಸಿ.

ವಿಯುತಿಗೆ 10 ದಿನ ಮುಂಚಿನಿಂದ 10 ದಿನ ನಂತರದವರೆಗೆ, ನಡುರಾತ್ರಿ ಹೊತ್ತಿಗೆ 3 ನಿಮಿಷದ ವಿಡಿಯೊ ಸಾಕು. ಆಟೊ ಎಕ್ಸ್‌ಪೋಷರ್ (ಕ್ಯಾಮೆರಾ ತಾನೇ ಬೆಳಕು ಹೊಂದಿಸಿಕೊಳ್ಳುವುದು) ಖಂಡಿತ ಬೇಡ, ಅದು ನಾವು ಹುಡುಕುವ ವ್ಯತ್ಯಾಸವನ್ನೇ ಅಳಿಸಿಬಿಡುತ್ತದೆ. ಗೇನ್ (ಕ್ಯಾಮೆರಾ ಸಂಕೇತವನ್ನು ಹಿಗ್ಗಿಸುವ ಮಟ್ಟ), ಫಿಲ್ಟರ್ ಪ್ರತಿ ರಾತ್ರಿಯೂ ಒಂದೇ ಇರಲಿ. ಹಿಸ್ಟೋಗ್ರಾಮ್ (ಚಿತ್ರದ ಹೊಳಪು ತೋರಿಸುವ ನಕ್ಷೆ) 70% ದಾಟದಿರಲಿ. ಶಾರ್ಪನ್ ಮಾಡದ ಮೂಲ ಫೈಲೇ ಬೇಕು. ತಾರಸಿಯ ಕಾಂಕ್ರೀಟ್ ಬಿಸಿಗೆ ಚಿತ್ರ ಕುದಿಯುವಂತೆ ಅಲುಗಾಡುತ್ತದೆ, ಗದ್ದೆ ಬದಿಯ ಮಣ್ಣಿನ ನೆಲ ಮೇಲು.

16 ಬಿಟ್ ಕ್ಯಾಮೆರಾ (ಹೊಳಪಿನ ಸಣ್ಣ ವ್ಯತ್ಯಾಸವನ್ನೂ ದಾಖಲಿಸುವಂಥದ್ದು) ಇರುವವರು ಮೊದಲು ತಿಳಿಸಿ.