ಮೇಷ್ಟ್ರನ್ನು ಕಾಯಿಸಬೇಡಿ

ಪುಟ್ಟಿ, ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಿನ್ನ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಒಂದೊಂದೇ ಅಕ್ಷರ ಒತ್ತುತ್ತಾ ಕೂರುವುದು ನನ್ನಿಂದ ಆಗದು, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದವಾದರೆ ಬೈದುಕೊಳ್ಳಬೇಡಿ. ನಿಮ್ಮ ಏಳನೆಯ ತರಗತಿಯವರೆಲ್ಲ ಸೇರಿ ಊರ ಶಾಲೆಯಲ್ಲಿ ಗುರುವಂದನೆ ಇಟ್ಟುಕೊಂಡಿದ್ದೀರಿ, ನಿಮ್ಮ ಗಣಿತದ ಮೇಷ್ಟ್ರಿಗೆ ಈಗ 82, ಸಕ್ಕರೆ ಕಾಯಿಲೆ ಬೇರೆ, ಕರೆತಂದರೆ ತಡೆದುಕೊಳ್ಳುತ್ತಾರೆಯೇ, ಏನು ಕೊಡುವುದು ಎಂದು ಕೇಳಿದ್ದೀಯ. ಅದರ ಕೆಳಗೆ ತಿಪಟೂರಿನವಳು ಕೈಮುಗಿದ ಚಿತ್ರ ಹಾಕಿದ್ದಾಳೆ, ಮೂಲೆಮನೆಯವನು ಹೂಗುಚ್ಛ ಹಾಕಿದ್ದಾನೆ. ಉತ್ತರವನ್ನು ಒಬ್ಬರೂ ಕೊಟ್ಟಿಲ್ಲ.

ಮೇಷ್ಟ್ರನ್ನು ಕಾಯಿಸಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ.

ನನಗೆ ಕಲಿಸಿದ ನಮ್ಮ ಮೇಷ್ಟ್ರ ವಿಷಯ ನಿಮಗೆಲ್ಲ ಗೊತ್ತೇ ಇದೆ, ಅಜ್ಜಿ ಹೇಳುತ್ತಿದ್ದರು. ಅರಸೀಕೆರೆ ಕಡೆಯಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದರಲ್ಲ, ಅವರೇ. ಕಪ್ಪುಹಲಗೆ ಮುಟ್ಟುವ ಮೊದಲು ಸಾಲುಸಾಲಾಗಿ ನಮ್ಮ ಮುಖ ನೋಡಿಕೊಂಡು ಬರುವರು. "ಏನೋ, ತಿಂದು ಬಂದೆಯಾ?" ಆಗ ಬಿಸಿಯೂಟ ಎಲ್ಲಿತ್ತು, ಅದು ಬಂದದ್ದು 2002ರಿಂದ ಈಚೆಗೆ. ಹೂಂ ಎಂದು ಸುಳ್ಳು ಹೇಳಿದರೆ ಒಣಗಿದ ತುಟಿ ನೋಡಿಯೇ ಕಂಡುಹಿಡಿಯುವರು. ಮುತ್ತುಗದ ಎಲೆಯಲ್ಲಿ ಕಟ್ಟಿದ್ದ ರಾಗಿರೊಟ್ಟಿಯನ್ನು ಅರ್ಧ ಮುರಿದು, ಹುಚ್ಚೆಳ್ಳು ಚಟ್ನಿ ಸವರಿ, ಕಿಟಕಿಯ ಕಡೆ ತಿರುಗಿಕೊಂಡು ತಿನ್ನು ಎನ್ನುವರು, ಬೇರೆ ಹುಡುಗರ ಕಣ್ಣಿಗೆ ಬೀಳದ ಹಾಗೆ. ತಿಂದಾದ ಮೇಲೆ ಮಗ್ಗಿ ತಪ್ಪಿದರೆ ಬೆರಳ ಗೆಣ್ಣಿಗೆ ಅಡಿಕೋಲಿನ ಏಟು ಬೀಳುತ್ತಿತ್ತು, ಅದರಲ್ಲೇನೂ ರಿಯಾಯಿತಿ ಇರಲಿಲ್ಲ. ನಾನು ಕಚೇರಿಯಲ್ಲಿ ಇದ್ದಷ್ಟು ವರ್ಷವೂ, ಹಳ್ಳಿಯಿಂದ ಅರ್ಜಿ ಹಿಡಿದು ಬಂದವರನ್ನು ಊಟ ಆಯಿತೇ ಎಂದು ಕೇಳಿಯೇ ಕಾಗದಕ್ಕೆ ಕೈಚಾಚುತ್ತಿದ್ದೆ. ಪಕ್ಕದ ಮೇಜಿನವರು ನಗುತ್ತಿದ್ದರು. ಎಲ್ಲಿಂದ ಅಂಟಿದ ಚಾಳಿ ಎಂದು ಅವರಿಗೆ ಹೇಳಲು ಹೋಗಲಿಲ್ಲ.

ನಾನು ನಿವೃತ್ತನಾದ ವರ್ಷ ನಾವೂ ಗುರುವಂದನೆ ಮಾಡಿದೆವು. ಮೇಷ್ಟ್ರನ್ನು ಹತ್ತು ಗಂಟೆಗೇ ಕರೆತಂದು, ಪ್ಲಾಸ್ಟಿಕ್ ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿ, ತಲೆಗೆ ಮೈಸೂರು ಪೇಟ ಇಟ್ಟು ವೇದಿಕೆಯಲ್ಲಿ ಕೂರಿಸಿದೆವು. ಹನ್ನೊಂದಕ್ಕೆ ಬರುತ್ತೇನೆಂದ ಮುಖ್ಯ ಅತಿಥಿ ಬಂದದ್ದು ಒಂದೂವರೆಗೆ. ಮೇಷ್ಟ್ರು ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಎರಡು ಇಡ್ಲಿ ತಿಂದು ಬಂದವರು, ಅಷ್ಟೇ. ಬಂದ ಮಹಾಶಯರು ಅರ್ಧ ಗಂಟೆ ಮಾತಾಡಿದರು. 1921ರಲ್ಲಿ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟ ರಾಧಾಕೃಷ್ಣನ್ ಅವರನ್ನು ವಿದ್ಯಾರ್ಥಿಗಳು ಕುದುರೆ ಬಿಚ್ಚಿ, ತಾವೇ ಗಾಡಿ ಎಳೆದು ಮೈಸೂರು ರೈಲು ನಿಲ್ದಾಣ ಮುಟ್ಟಿಸಿದ ಕಥೆ. ಒಳ್ಳೆಯ ಕಥೆಯೇ, ನನಗೂ ಇಷ್ಟ. ಆದರೆ ಆ ಹುಡುಗರು ರೈಲಿನ ಹೊತ್ತು ನೋಡಿಕೊಂಡು ಎಳೆದಿರುತ್ತಾರೆ ತಾನೇ?

ಆಮೇಲೆ ಮೈಕನ್ನು ಮೇಷ್ಟ್ರ ಕೈಗೆ ಕೊಟ್ಟರು. ಕೈ ನಡುಗುತ್ತಿತ್ತು. ಡಿಸೆಂಬರ್ ಚಳಿಯಲ್ಲೂ ಪೇಟದ ಕೆಳಗಿನಿಂದ ಬೆವರು ಇಳಿಯುತ್ತಿತ್ತು. ಮಾತು ತೊದಲಿತು, ಒಬ್ಬನ ಹೆಸರನ್ನೇ ಮೂರು ಸಲ ಕರೆದರು. ಮೇಷ್ಟ್ರು ಭಾವುಕರಾಗಿದ್ದಾರೆ ಎಂದುಕೊಂಡು ನಾವೆಲ್ಲ ಚಪ್ಪಾಳೆ ಹೊಡೆದೆವು. ನಾನೂ ಹೊಡೆದೆ. ಯಾರೋ ಮಾಡಿದ ವಿಡಿಯೊ ಈಗಲೂ ನನ್ನ ಫೋನಿನಲ್ಲಿದೆ, ತೆರೆದು ನೋಡುವುದಿಲ್ಲ. ಕೊನೆಗೆ ಬಿಸಿಯೂಟದ ಅಡುಗೆಯಮ್ಮ ಕೈಯಲ್ಲಿದ್ದ ಸೌಟಿನ ಸಮೇತ ವೇದಿಕೆ ಹತ್ತಿ, "ಸರಿಯಿರಿ ಆಚೆ, ನಮ್ಮ ಯಜಮಾನರಿಗೂ ಹೀಗೇ ಆಗುತ್ತದೆ, ಸಕ್ಕರೆ ಇಳಿದಿದೆ" ಎಂದು ಗದರಿ, ಲೋಟದ ನೀರಿಗೆ ಮೂರು ಚಮಚ ಸಕ್ಕರೆ ಕದಡಿ ಕುಡಿಸಿದರು. ಕಾಲು ಗಂಟೆಗೆ ಮೇಷ್ಟ್ರ ಕಣ್ಣು ತಿಳಿಯಾಯಿತು. ಪ್ರಾರ್ಥನೆ ಹಾಡಲು ಬೆಳಗಿನಿಂದ ನಿಲ್ಲಿಸಿದ್ದ ಮಕ್ಕಳ ಕಡೆ ನೋಡಿ, "ಇವಕ್ಕೆ ಊಟ ಹಾಕಿದಿರೇನೋ?" ಎಂದರು. ನಮ್ಮಲ್ಲಿ ಯಾರ ಬಾಯಿಂದಲೂ ಉತ್ತರ ಹೊರಡಲಿಲ್ಲ.

ಅದಕ್ಕೇ ಇನ್ನೊಮ್ಮೆ ಹೇಳುತ್ತಿದ್ದೇನೆ. ಯಾರು ಬರಲಿ, ಯಾರು ಬಿಡಲಿ, ಮೇಷ್ಟ್ರನ್ನು ಕಾಯಿಸಬೇಡಿ.

ಅವತ್ತಿನ ಶಾಮಿಯಾನ, ಕುರ್ಚಿ, ಮೈಕು ಎಲ್ಲ ಸೇರಿ ಹದಿನಾಲ್ಕು ಸಾವಿರ ನನ್ನ ಕೈಯಿಂದಲೇ ಹೋಯಿತು. ಲೆಕ್ಕ ಇಟ್ಟುಕೊಂಡವನು ಇವತ್ತಿಗೂ ಬರುವ ತಿಂಗಳು ಎನ್ನುತ್ತಾನೆ. ಆಮಂತ್ರಣ ಪತ್ರಿಕೆಯಲ್ಲಿ ಅವನ ಹೆಸರು ದಪ್ಪಕ್ಷರದಲ್ಲಿ, ನಾನು "ಹಾಗೂ ಹಳೆಯ ವಿದ್ಯಾರ್ಥಿ ವೃಂದ"ದೊಳಗೆ. ಹೋಗಲಿ, ಅವರಿವರನ್ನು ಅಂದು ಏನು ಪ್ರಯೋಜನ. ಸೆಪ್ಟೆಂಬರ್ 5 ಬಂದರೆ ಇದೇ ಗುಂಪಿನಲ್ಲಿ ಸಾಲುಸಾಲು ಶುಭಾಶಯ ಬೀಳುತ್ತವೆ. ನಿಮ್ಮ ದೊಡ್ಡಮ್ಮ ಇಪ್ಪತ್ತೆಂಟು ವರ್ಷ ಅಂಗನವಾಡಿ ನಡೆಸಿದಳು. ನಿಮ್ಮಲ್ಲಿ ಅರ್ಧ ಜನಕ್ಕೆ ಮರಳಿನ ಮೇಲೆ ಬೆರಳು ಹಿಡಿದು 'ಅ' ತಿದ್ದಿಸಿದವಳು, ಮೂಗು ಒರೆಸಿದವಳು ಅವಳೇ. ಅವಳಿಗೆ ಸಿಕ್ಕಿದ್ದು ಸಂಬಳವಲ್ಲ, ಗೌರವಧನ. ಶಿಕ್ಷಕಿ ಎಂದು ಸರ್ಕಾರ ಕರೆಯಲಿಲ್ಲ, ಸರಿ. ನೀವಾದರೂ ಒಬ್ಬರು ಅವತ್ತು ಒಂದು ಫೋನು ಮಾಡಿದ್ದುಂಟೇ? ಅವಳು ಏನೂ ಅನ್ನುವುದಿಲ್ಲ. ಸಂಜೆಯವರೆಗೆ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತಾಳೆ, ನಾನು ನೋಡಿದ್ದೇನೆ.

ಅಯ್ಯೋ, ನೀನು ಕೇಳಿದ್ದು ಬಿಟ್ಟೇಹೋಯಿತು. ಮುಂಚಿನ ದಿನವೇ ಮೇಷ್ಟ್ರ ಸೊಸೆಗೆ ಫೋನು ಮಾಡಿ ಮಾತ್ರೆಯ ಹೊತ್ತು, ಊಟದ ಹೊತ್ತು, ಇನ್ಸುಲಿನ್ ಇದೆಯೇ ಎಂಬುದನ್ನು ಕೇಳಿಟ್ಟುಕೋ. ಅತಿಥಿ ಬಂದು ಕೂತ ಮೇಲೆ ಮೇಷ್ಟ್ರ ಮನೆಗೆ ಕಾರು ಕಳಿಸಿ, ಒಂದು ಗಂಟೆಯೊಳಗೆ ಮುಗಿಸಿ. ಪಕ್ಕದಲ್ಲಿ ಒಬ್ಬರು ಗ್ಲೂಕೋಸ್ ಪುಡಿ ಇಟ್ಟುಕೊಂಡು ಕೂತಿರಲಿ. ಬೆವರು, ನಡುಕ, ತೊದಲು ಕಂಡರೆ ತಕ್ಷಣ ಕದಡಿ ಕುಡಿಸಬೇಕು, ಕಾಲು ಗಂಟೆಗೆ ಸರಿಹೋಗದಿದ್ದರೆ ಮತ್ತೊಮ್ಮೆ. ಪ್ರಜ್ಞೆ ತಪ್ಪಿದರೆ ಮಾತ್ರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಶಾಲೆಯ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಎಂದೂ ನೋಡಿಕೊಳ್ಳಿ. "ನಾನು ಯಾರು ಹೇಳಿ ಸರ್" ಎಂದು ಅವರಿಗೆ ಪರೀಕ್ಷೆ ಇಡಬೇಡಿ. ಹೆಸರು, ಅಪ್ಪನ ಹೆಸರು, ಕೂರುತ್ತಿದ್ದ ಬೆಂಚು ನೀವೇ ಹೇಳಿ. ಶಾಲು ಖಂಡಿತ ಬೇಡ. ನಮ್ಮ ಮೇಷ್ಟ್ರು ಹೋದ ಮೇಲೆ ಅವರ ಮಗಳು ಪೆಟ್ಟಿಗೆ ತೆರೆದು ತೋರಿಸಿದಳು, ಹನ್ನೊಂದು ಶಾಲು, ಮಡಿಕೆಯೂ ಬಿಚ್ಚಿರಲಿಲ್ಲ. ಅದರ ಬದಲು ಪಿಂಚಣಿಗೆ ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರದ ಹೊತ್ತಿಗೆ ನಿಮ್ಮಲ್ಲೊಬ್ಬರು ಬಂದು ಕರೆದುಕೊಂಡು ಹೋಗುತ್ತೇವೆ ಎಂದು ಮಾತು ಕೊಡಿ.

ಶಾಮಿಯಾನದವನ ನಂಬರು ಬೇಕಾದರೆ ಕಳಿಸುತ್ತೇನೆ. ಹಣ ಮಾತ್ರ ಎಲ್ಲರಿಂದ ಮೊದಲೇ ಕೂಡಿಸಿಕೋ.