ಸಹಾಯ ಬೇಕು: ಚಿಕ್ಕ ಫ್ಲ್ಯಾಟ್‌ಗೆ ಬಣ್ಣ, ಪೇಂಟರ್ ಲೆಕ್ಕ ಸರಿಯಿದೆಯಾ?

ನಮಸ್ಕಾರ. ಗೋಡೆ, ಸೀಲಿಂಗ್ ಸೇರಿ 1,400 ಚದರಡಿ. ಒಂದು ಕೋಟ್‌ಗೆ ಲೀಟರಿಗೆ 100–120 ಚದರಡಿ ಹಿಡಿದರೆ ಎರಡು ಕೋಟ್‌ಗೆ 24–28 ಲೀಟರ್ ಎಮಲ್ಷನ್ (ನೀರು ಬೆರೆಸಿ ಹಚ್ಚುವ ಗೋಡೆ ಬಣ್ಣ) ಸಾಕು. ಪೇಂಟರ್ 40 ಲೀಟರ್ ಬರೆದಿದ್ದಾರೆ. ಬಾಗಿಲು ಕಿಟಕಿ ಕಳೆಯದೆ ಅಳೆದಿರಬಹುದಾ? ಅಳತೆಯಲ್ಲಿ ಅವನ್ನು ಕಳೆಯುವುದು ರೂಢಿಯೋ ಇಲ್ಲವೋ, ಗೊತ್ತಿದ್ದವರು ಹೇಳಿ.

ಹೊಸ ಪುಟ್ಟಿ (ಗೋಡೆ ನುಣುಪಾಗಿಸುವ ಲೇಪ) ಮೇಲೆ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳದ ಕೋಟ್) ಬೇಡವಂತೆ, ಪೇಂಟರ್ ಹೇಳಿದ್ದು. ಇದಕ್ಕೆ ನಾನು ಒಪ್ಪಲ್ಲ: ಪುಟ್ಟಿ ಬಣ್ಣ ಹೀರಿಕೊಂಡು ತೇಪೆ ತೇಪೆಯಾಗಿ ಕಾಣುತ್ತೆ, ಪುಡಿ ಒರೆಸದಿದ್ದರೆ ಸಿಪ್ಪೆಯಂತೆ ಏಳುತ್ತೆ.

ದೊಡ್ಡ ತಲೆನೋವು ಬಾತ್‌ರೂಮಿನ ಹಿಂದಿನ ಗೋಡೆ. ನೆಲದಿಂದ ಎರಡಡಿವರೆಗೆ ಪುಟ್ಟಿ ಉಬ್ಬಿದೆ, ಬೆರಳಿಟ್ಟರೆ ಬಿಳಿ ಉಪ್ಪಿನ ಪುಡಿ ಉದುರುತ್ತೆ. ಕೆರೆದು ಮತ್ತೆ ಪುಟ್ಟಿ ಹಾಕಿದರೆ ಆಯ್ತು ಅಂತಾರೆ. ಬಾತ್‌ರೂಮಿನ ನೀರಿನ ಸೋರಿಕೆ ನಿಲ್ಲದೆ ಅದು ದಂಡ. ಸೋರಿಕೆ ಸರಿಮಾಡಿದ ಮೇಲೆ ಎಷ್ಟು ದಿನ ಒಣಗಲು ಬಿಡಬೇಕು? ಒಣಗಿದೆಯಾ ಅಂತ ತಿಳಿಯಲು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, 24 ಗಂಟೆ ಬಿಟ್ಟು ಒಳಗೆ ಹನಿ ಕಟ್ಟಿದೆಯಾ ನೋಡಿದರೆ ಸಾಕಾ?

ಬಣ್ಣ: ಹಾಲ್‌ಗೆ ನೇರ ಬಿಸಿಲಿಲ್ಲ. ಎರಡಡಿ ಚೌಕದಲ್ಲಿ ಎರಡು ಕೋಟ್ ಹೊಡೆದ ತಿಳಿಬೂದು ಹಗಲಲ್ಲಿ ನೀಲಿ ಛಾಯೆ ಹೊಡೆಯುತ್ತಿದೆ. ಕೆನೆ ಬಣ್ಣವೋ, ತಿಳಿ ಮಣ್ಣಿನ ಬಣ್ಣವೋ? ಗೋಡೆ ಏರುತಗ್ಗು ಇರುವುದರಿಂದ ಮ್ಯಾಟ್ (ಹೊಳಪಿಲ್ಲದ) ಫಿನಿಶ್ ಖಚಿತ, ಅಡುಗೆಮನೆಗೆ ಮಾತ್ರ ಸ್ಯಾಟಿನ್ (ತುಸು ಹೊಳಪಿನದು).